ಕುಳಿಯೊಳಗಿನ ಚಕ್ರ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಕರೆಂಟು ಹೋದರೆ ಮೊದಲು ತಿಳಿಯುವುದು ಕಿವಿಗೆ. ಸಾಲುಮನೆಗಳ ಮಗ್ಗಗಳೆಲ್ಲ ಒಟ್ಟಿಗೇ ಸುಮ್ಮನಾಗುತ್ತವೆ. ಅಂಥ ಒಂದು ಸಂಜೆ ಮೊಮ್ಮಗಳು ಕೇಳಿದಳು: “ತಾತ, ನೀರಿನಿಂದ ಕರೆಂಟು ಬರುತ್ತೆ ಅಂತ ಪುಸ್ತಕದಲ್ಲಿದೆ. ನಮ್ಮ ಅರ್ಕಾವತೀಲಿ ನೀರೇ ಇಲ್ವಲ್ಲ?”

ನಿಜ. ನಂದಿಬೆಟ್ಟದ ಕಡೆ ಹುಟ್ಟುವ ಅರ್ಕಾವತಿ ವರ್ಷದ ಬಹುಪಾಲು ಒಣಗಿಯೇ ಇರುತ್ತದೆ. ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಮೇಲು ಎಂದುಕೊಂಡೆ. ದಸರಾ ರಜೆಯಲ್ಲಿ ಅವಳ ಶಾಲೆಯವರು ಅನುಮತಿ ಪಡೆದು ವಾರಾಹಿ ಭೂಗರ್ಭ ವಿದ್ಯುದಾಗಾರಕ್ಕೆ ಹೊರಟಾಗ ನಾನೂ ಬಸ್ಸು ಹತ್ತಿದೆ.

ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಹುಲಿಕಲ್ ಘಾಟಿ ಇಳಿದರೆ ಉಡುಪಿ ಜಿಲ್ಲೆಯ ಹೊಸಂಗಡಿ. ಘಟ್ಟದ ಮೇಲೆ ಮಾಣಿ ಅಣೆಕಟ್ಟು, ಕೆಳಗೆ ಬೆಟ್ಟದ ಹೊಟ್ಟೆಯಲ್ಲಿ ವಿದ್ಯುದಾಗಾರ. ಕರ್ನಾಟಕ ವಿದ್ಯುತ್ ನಿಗಮದ ಈ ಕೇಂದ್ರ 1989ರಲ್ಲಿ ವಿದ್ಯುತ್ ಕೊಡಲು ಶುರುಮಾಡಿತು. ಈಗ ಇಲ್ಲಿ ತಲಾ 115 ಮೆಗಾವಾಟಿನ 4 ಘಟಕಗಳಿವೆ.

ತಲೆಗೆ ಹೆಲ್ಮೆಟ್ ಹಾಕಿಕೊಂಡು ಸುರಂಗ ಹೊಕ್ಕೆವು. ಲಾರಿ ಹೋಗುವಷ್ಟು ಅಗಲ, ಗೋಡೆಯಲ್ಲಿ ಜಿನುಗುವ ನೀರು. ಹಿಂದಿರುಗಿ ನೋಡಿದರೆ ಬಾಯಿಯ ಬೆಳಕು ಚಿಕ್ಕದಾಗುತ್ತಾ ಹೋಯಿತು. ಮೊಮ್ಮಗಳು ನನ್ನ ಕೈ ಬಿಗಿಯಾಗಿ ಹಿಡಿದಳು. ಹಿಡಿದದ್ದು ಒಳ್ಳೆಯದೇ ಆಯಿತು, ನನಗೂ ಎದೆ ಡವಡವ ಅನ್ನುತ್ತಿತ್ತು! ಕೊನೆಗೆ ಕಂಡದ್ದು ಬಂಡೆ ಕೊರೆದು ಮಾಡಿದ ದೊಡ್ಡ ಅಂಗಳ. ಹಗಲಿನಂಥ ದೀಪಗಳು, ಮೇಲೆ ಭಾರಿ ಕ್ರೇನು, ಅಂಗಾಲಿಗೆ ತಾಗುವ ನಡುಕ.

“ನೆಲದೊಳಗೇ ಯಾಕೆ?” ಎಂದು ಹುಡುಗನೊಬ್ಬ ಕೇಳಿದ. ನೀರು ಎಷ್ಟು ಎತ್ತರದಿಂದ ಬಿದ್ದರೆ ಅಷ್ಟು ಬಲ. ಇಲ್ಲಿ ಅದು 400 ಮೀಟರಿಗೂ ಹೆಚ್ಚು ಇಳಿದು ಬರುತ್ತದೆ. ಕಡಿದಾದ ಇಳಿಜಾರಿನಲ್ಲಿ ದೊಡ್ಡ ಕಟ್ಟಡ ನಿಲ್ಲಿಸುವುದು ಕಷ್ಟ. ಗಟ್ಟಿ ಬಂಡೆಯೊಳಗೆ ಕೊರೆದರೆ ಬೆಟ್ಟವೇ ಗೋಡೆ, ಬೆಟ್ಟವೇ ಸೂರು. ಮೇಲೆ ಕಡಿಯಬೇಕಾದ ಕಾಡೂ ಕಡಿಮೆ.

ತಿರುಗುವ ಚಕ್ರ ಮಾತ್ರ ಕಣ್ಣಿಗೆ ಕಾಣಲಿಲ್ಲ. ಅದು ನಾವು ನಿಂತಿದ್ದ ನೆಲದ ಅಡಿಯಲ್ಲಿದೆ. ಚಕ್ರದ ಸುತ್ತ ಬಟ್ಟಲಿನಂಥ ಲೋಹದ ಅಚ್ಚುಗಳು. ಕೊಳವೆಯ ತುದಿಯಿಂದ ಚಿಮ್ಮುವ ನೀರು ಬಟ್ಟಲಿಗೆ ಹೊಡೆದಾಗ ಚಕ್ರ ತಿರುಗುತ್ತದೆ, ಅದರ ದಂಡ ಮೇಲಿನ ಜನರೇಟರನ್ನು ತಿರುಗಿಸುತ್ತದೆ. ಕೆಲಸ ಮುಗಿಸಿದ ನೀರು ಇನ್ನೊಂದು ಸುರಂಗದಿಂದ ಹೊರಬಿದ್ದು, ವಾರಾಹಿ ನದಿ ಸೇರಿ, ಗಂಗೊಳ್ಳಿಯ ಬಳಿ ಸಮುದ್ರ ಕಾಣುತ್ತದೆ.

ನನಗೆ ನಮ್ಮಪ್ಪನ ನೆನಪಾಯಿತು. ಅವರದು ಕುಳಿಮಗ್ಗ. ನೆಲದ ಕುಳಿಯಲ್ಲಿ ಕಾಲು ಇಳಿಬಿಟ್ಟು, ದಿನವಿಡೀ ತುಳಿದು ನೇಯುತ್ತಿದ್ದರು. ಅದನ್ನು ಹೇಳಿದಾಗ ಮೊಮ್ಮಗಳು ನೆಲ ನೋಡುತ್ತಾ, “ಹಾಗಾದ್ರೆ ಈಗ ಮುತ್ತಾತನ ಬದಲು ನೀರು ಕುಳಿಯಲ್ಲಿ ಕೂತು ತುಳೀತಾ ಇದೆ” ಅಂದಳು. ನನಗೆ ಮಾತೇ ಹೊರಡಲಿಲ್ಲ.

ಮಕ್ಕಳೇ, ಒಂದು ಲೆಕ್ಕ. ನಿಮ್ಮ ತಾರಸಿಯ ಮೇಲಿನ ಸಾವಿರ ಲೀಟರಿನ ಟ್ಯಾಂಕನ್ನು ನೆನೆದುಕೊಳ್ಳಿ. ಅಷ್ಟು ನೀರು 400 ಮೀಟರ್ ಬಿದ್ದರೆ ಹುಟ್ಟುವುದು ಸುಮಾರು ಒಂದು ಯೂನಿಟ್ ವಿದ್ಯುತ್ತು. ಒಂದು ಅಶ್ವಶಕ್ತಿಯ ಮಗ್ಗದ ಮೋಟಾರು ಒಂದು ಗಂಟೆ ಓಡಲು ಮುಕ್ಕಾಲು ಟ್ಯಾಂಕು ಬೇಕು. ಎಲ್ಲ ಕೇಂದ್ರಗಳ ವಿದ್ಯುತ್ತೂ ಒಂದೇ ಜಾಲಕ್ಕೆ ಸೇರುವುದರಿಂದ ಯಾವ ಮಗ್ಗ ಯಾವ ನದಿಯದು ಎಂದು ಬೇರೆ ಮಾಡಿ ಹೇಳಲಾಗದು. ಮಲೆನಾಡಿಗೆ ಮಳೆ ಕೈಕೊಟ್ಟ ವರ್ಷ ನಮ್ಮೂರಲ್ಲಿ ಕರೆಂಟು ಕಣ್ಣಾಮುಚ್ಚಾಲೆ ಆಡಿದ್ದು ಮಾತ್ರ ಅಜ್ಜ ಅಜ್ಜಿಯರಿಗೆ ನೆನಪಿರುತ್ತದೆ.

ಇನ್ನೊಂದು ಮಾತನ್ನೂ ಮರೆಯಬಾರದು. ಹೊಸನಗರ ಸೀಮೆಯಲ್ಲಿ ಅಣೆಕಟ್ಟುಗಳ ಹಿನ್ನೀರಿಗೆ ಮನೆ, ಗದ್ದೆ, ಅಡಿಕೆ ತೋಟ ಬಿಟ್ಟು ಎದ್ದುಹೋದ ಸಂಸಾರಗಳಿವೆ. ನಾವು ಬಿಲ್ಲು ಕಟ್ಟಿ ಕೈತೊಳೆದುಕೊಳ್ಳುತ್ತೇವೆ. ಅವರು ಕಟ್ಟಿದ್ದು ಯಾವ ಬಿಲ್ಲಿನಲ್ಲೂ ಇಲ್ಲ.

ಊರಿಗೆ ಬಂದ ಮರುದಿನ ಸ್ನಾನ ಮುಗಿಸಿ, ಗೀಸರ್ ಆರಿಸುವುದನ್ನು ಮರೆತು ಪೇಪರ್ ಓದುತ್ತಾ ಕೂತಿದ್ದೆ. ಒಳಗಿಂದ ಕೂಗು ಬಂತು: “ತಾತ, ಅರ್ಧ ಗಂಟೆ ಆಯ್ತು! ಎರಡು ಬಕೆಟ್ ಸ್ನಾನಕ್ಕೆ ಘಟ್ಟದಿಂದ ಒಂದು ಟ್ಯಾಂಕ್ ನೀರು ಬೀಳಿಸಿದ್ದೀರ!”

ಎದ್ದು ಹೋಗಿ ಸ್ವಿಚ್ಚು ಆರಿಸಿದೆ.