ಕೂಸ ನಂಗೆ ಕೊಡು ಅನ್ನೋ ಮೊದ್ಲು

ನಮ್ಮ ಕಡೆ ಬಾಣಂತಿ ನೋಡೋಕೆ ಹೋದವರು ಏನೇನು ಕೇಳ್ತೀವಿ ಅಂತ ಒಂದ್ಸಲ ನೆನಪು ಮಾಡ್ಕೊಳ್ಳಿ. "ಕೂಸು ಎಷ್ಟು ಕೇಜಿ ಅದೆ?" "ಹಾಲು ಸಾಕಾಯ್ತದಾ?" "ಯಾರ ಹಂಗದೆ, ಅಪ್ಪನ ಹಂಗಾ?" ಆಮೇಲೆ ಹೊಟ್ಟೆಗೆ ಬಟ್ಟೆ ಕಟ್ಟಿದೀಯಾ, ಕಿವಿಗೆ ಹತ್ತಿ ಮಡಗಿದೀಯಾ, ತಣ್ಣೀರು ಮುಟ್ಬೇಡ ಕಣವ್ವ. ಇಷ್ಟಾದ ಮೇಲೆ ಕೂಸಿನ ಕೈಗೆ ನೂರು ರೂಪಾಯಿ ಇಟ್ಟು, ಕಾಫಿ ಕುಡ್ದು ಎದ್ದು ಬರ್ತೀವಿ. ಹುಣಸೂರಲ್ಲೂ ಇದೇ, ಪಿರಿಯಾಪಟ್ಟಣದಲ್ಲೂ ಇದೇ, ಕೆ.ಆರ್. ನಗರ, ಎಚ್.ಡಿ. ಕೋಟೆಲೂ ಇದೇ. "ನಿನ್ ಮನ್ಸು ಹೆಂಗದೆ ಮಗ?" ಅಂತ ಯಾರಾದ್ರೂ ಕೇಳಿದ್ದು ನಾನು ಕಂಡಿಲ್ಲ. ನಾನೂ ಕೇಳಿದೋಳಲ್ಲ. ಕೇಳದೆ ಇದ್ದದ್ದರಿಂದ ಏನಾಯ್ತು ಅಂತ ಹೇಳೋಕೆ ಇವತ್ತು ಕೂತಿದೀನಿ.

ನನ್ನ ತಮ್ಮನ ಹೆಂಡ್ತಿಗೆ ತಾಯಿ ಇಲ್ಲ. ಕೆ.ಆರ್. ನಗರದ ಕಡೆ ಹುಡುಗಿ. ತವರಲ್ಲಿ ಬಾಣಂತನ ಮಾಡೋರು ಯಾರೂ ಇರ್ಲಿಲ್ಲ ಅಂತ ನಮ್ಮ ಹಟ್ಟಿಲೇ ಇಟ್ಕೊಂಡ್ವಿ. ನನ್ನ ಕೊಟ್ಟಿರೋದೂ ಅದೇ ಊರಿಗೆ. ಹಂಗಾಗಿ ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಬೆಳ್ಳುಳ್ಳಿ ಎಲ್ಲ ನನ್ನ ಪಾಲಿಗೆ ಬಂತು. ಹೆರಿಗೆ ಆದದ್ದು ಆಷಾಢದಲ್ಲಿ. ಹೊಗೆಸೊಪ್ಪು ಬೆಳೆಯೋ ಮನೆಯವರಿಗೆ ಆಷಾಢ ಅಂದ್ರೆ ಏನು ಅಂತ ಗೊತ್ತಲ್ಲ. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್‌ಗೆ ಏರ್ಸಿ, ರಾತ್ರಿಯೆಲ್ಲ ಬೆಂಕಿ ಕಾಯೋ ಕಾಲ. ಗಂಡಸರು ಬ್ಯಾರನ್ ಹತ್ರ, ಹೆಂಗಸರು ಸೊಪ್ಪು ಕಟ್ಟೋ ಚಪ್ಪರದಲ್ಲಿ. ಅವಳು ಒಳಗಡೆ ಕಿಟಕಿ ಮುಚ್ಚಿದ ಕೋಣೆಲಿ. ಹುಟ್ಟಿದ್ದು ಹೆಣ್ಣು ಕೂಸು. ಯಾರೂ ಕೆಟ್ಟ ಮಾತು ಆಡ್ಲಿಲ್ಲ. "ಇರ್ಲಿ ಬುಡು, ಲಕ್ಷ್ಮಿ ಬಂದವ್ಳೆ" ಅಂದ್ರು. ಆ "ಇರ್ಲಿ ಬುಡು" ಅನ್ನೋದು ಎಷ್ಟು ಚುಚ್ತದೆ ಅಂತ ಹೆತ್ತೋಳಿಗೇ ಗೊತ್ತು.

ಮೊದ್ಲ ವಾರ ಸುಮ್ಸುಮ್ನೆ ಅಳೋಳು. ಎಲ್ಲರೂ ಅಳ್ತಾರೆ, ಸರಿ ಹೋಯ್ತದೆ ಅಂದ್ಕೊಂಡೆ. ಮೂರನೇ ವಾರಕ್ಕೆ ಅಳು ನಿಂತೋಯ್ತು, ಮಾತೂ ನಿಂತೋಯ್ತು. ಗೋಡೆ ಕಡೆ ತಿರುಗಿ ಮಲಗೋಳು. ಕೂಸು ಅತ್ರೆ ಎದ್ದು ಕೂತು ಎದೆಗೆ ಹಾಕ್ಕೊಳೋಳು, ಆದ್ರೆ ಕಣ್ಣು ಮಾತ್ರ ಕೂಸಿನ ಮೇಲೆ ಇರ್ತಿರ್ಲಿಲ್ಲ. ಹಾಲು ಕುಡಿಸಿ ಪಕ್ಕಕ್ಕೆ ಮಡಗಿಬಿಡೋಳು. ನಾನೇನು ಮಾಡ್ದೆ? "ಕೂಸ ನಂಗೆ ಕೊಡು" ಅಂತ ಎತ್ಕೊಂಡು ಬಂದೆ. ನಾನೇ ಎಣ್ಣೆ ಹಚ್ದೆ, ನಾನೇ ನೀರು ಹುಯ್ದೆ, ನಾನೇ ಮಲಗಿಸ್ದೆ. ಒಂದು ತಿಂಗಳಾಗೋಷ್ಟರಲ್ಲಿ ಕೂಸು ಹಾಲಿಗೆ ಮಾತ್ರ ಅವಳ ಹತ್ರ, ಮಿಕ್ಕಿದ್ದಕ್ಕೆಲ್ಲ ನನ್ನ ಹತ್ರ. ಅದನ್ನ ಹೆಚ್ಚುಗಾರಿಕೆ ಅಂತ ಹೇಳ್ಕೊಂಡೆ ಬೇರೆ. ನೋಡೋಕೆ ಬಂದ ಹೆಂಗಸರ ಮುಂದೆ, ಅವಳಿಗೆ ಕೇಳೋ ಹಂಗೆ, "ಎಂಥ ಕಲ್ಲು ಮನ್ಸು ಕಣಕ್ಕ ಇವಳ್ದು, ಹೆತ್ತ ಕೂಸಿನ ಮಕ ನೋಡಲ್ಲ" ಅಂದೆ. ಆ ಮಾತು ಇವತ್ತಿಗೂ ನನ್ನ ಗಂಟಲಲ್ಲಿ ಮುಳ್ಳಿನ ಹಂಗೆ ಅದೆ.

ನಲವತ್ತೆರಡನೇ ದಿನಕ್ಕೆ ಆಶಾ ಕಾರ್ಯಕರ್ತೆ ಬಂದ್ರು. ಕೂಸಿನ ತೂಕ ಬರ್ಕೊಂಡ್ರು. ಎದ್ದು ಹೊರಡೋಳು ಏನನ್ನಿಸ್ತೋ, ತಿರುಗಿ ಅವಳ ಹತ್ರ ಹೋಗಿ ಕೂತು, "ಕೂಸು ಮಲಗ್ದಾಗ ನಿಂಗೆ ನಿದ್ದೆ ಬತ್ತದೇನವ್ವ?" ಅಂದ್ರು. ಅಷ್ಟೇ ಕೇಳಿದ್ದು. ಆ ಹುಡುಗಿ ಅರ್ಧ ಗಂಟೆ ಅತ್ತು ಅತ್ತು ಹೇಳಿದ್ದು ಒಂದೇ ಮಾತು: "ಇದು ನನ್ ಕೂಸು ಅಂತ ನಂಗೆ ಅನ್ಸ್ತಾನೇ ಇಲ್ಲ ಕಣಕ್ಕ. ಯಾರ್ದೋ ಕೂಸ ತಂದು ಮಡಗವ್ರೆ ಅನ್ನಿಸ್ತದೆ. ನಾನು ಪಾಪಿ." ನಾನು ಬಾಗಿಲಲ್ಲಿ ನಿಂತಿದ್ದೆ, ಕೂಸು ನನ್ನ ಕಂಕುಳಲ್ಲಿತ್ತು.

ಇದಕ್ಕೊಂದು ಹೆಸರಿದೆ, ಹೆರಿಗೆ ನಂತರದ ಖಿನ್ನತೆ. ಹೆತ್ತ ಎರಡು ಮೂರು ದಿನದಲ್ಲಿ ಮೈಯೊಳಗಿನ ಹಾರ್ಮೋನುಗಳು ಪಟ್ಟಂತ ಇಳೀತವೆ. ಅದಕ್ಕೆ ಆ ವಾರ ಅಳು ಬರೋದು. ಹೆಚ್ಚಿನೋರಿಗೆ ಎರಡು ವಾರದೊಳಗೆ ತಾನಾಗೇ ಹೋಯ್ತದೆ. ಎರಡು ವಾರ ದಾಟಿದ್ರೂ ಮಂಕು ಕವಿದೇ ಇದ್ರೆ, ಊಟ ನಿದ್ದೆ ಬೇಡ ಅನ್ನಿಸ್ತಿದ್ರೆ, ಯಾವುದ್ರಲ್ಲೂ ಖುಷಿ ಇಲ್ಲ ಅಂದ್ರೆ ಅದು ಕಾಯಿಲೆ, ಕೊಬ್ಬಲ್ಲ. ಗೋವಾದಲ್ಲಿ 270 ತಾಯಂದಿರನ್ನ ಮಾತಾಡಿಸಿ 2002ರಲ್ಲಿ ಒಂದು ಅಧ್ಯಯನ ಪ್ರಕಟ ಮಾಡಿದ್ರು. ಹೆತ್ತು ಆರೆಂಟು ವಾರದ ಹೊತ್ತಿಗೆ ನೂರಕ್ಕೆ 23 ಜನಕ್ಕೆ ಖಿನ್ನತೆ ಇತ್ತು. ಬಡತನ, ಗಂಡನ ಹೊಡೆತ, ಗಂಡು ಬೇಕು ಅಂತಿದ್ದ ಮನೇಲಿ ಹೆಣ್ಣು ಹುಟ್ಟಿದ್ದು, ಇವೆಲ್ಲ ಅದನ್ನ ಹೆಚ್ಚು ಮಾಡ್ತವೆ ಅಂತಲೂ ಅದ್ರಲ್ಲೇ ಕಂಡಿತ್ತು. ನಾಲ್ಕೈದು ಬಾಣಂತಿಯರಲ್ಲಿ ಒಬ್ಬಳು. ಅಂದ್ರೆ ನಿಮ್ಮ ಬೀದಿಲೂ ಒಬ್ಬಳಿದ್ದಾಳೆ.

"ನಾವು ಏಳೆಂಟು ಹೆತ್ವಿ, ನಮಗೆಲ್ಲಿತ್ತವ್ವ ಇದು" ಅಂತ ನಮ್ಮ ದೊಡ್ಡವ್ವದಿರು ಅಂತಾರೆ. ಇರ್ಲಿಲ್ಲ ಅಂದ್ರೆ ಬಾಣಂತಿ ಸನ್ನಿ ಅನ್ನೋ ಮಾತು ಎಲ್ಲಿಂದ ಬಂತು? ಸನ್ನಿ ಅನ್ನೋದು ಖಿನ್ನತೆಗಿಂತ ಬೇರೆ, ಇನ್ನೂ ಜೋರಾದದ್ದು. ಸಾವಿರ ಹೆರಿಗೆಗೆ ಒಂದೋ ಎರಡೋ. ಹೆಚ್ಚಾಗಿ ಮೊದಲ ಎರಡು ವಾರದಲ್ಲೇ ಶುರುವಾಯ್ತದೆ. ನಿದ್ದೆ ಪೂರ್ತಿ ಹೋಯ್ತದೆ, ಇಲ್ಲದ್ದು ಕಾಣ್ತದೆ, ಕೇಳ್ತದೆ, ಕೂಸಿನ ಮೇಲೆ ಏನೇನೋ ಅನುಮಾನ ಬತ್ತದೆ. ಅದು ಬಂದ್ರೆ ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಗಾಳಿ ಸೋಕು ಅಂತ ತಾಯತ ಕಟ್ಟಿಸ್ಕೊಂಡು ಬರೋಕೆ ಹೊರಟು ಎರಡು ದಿನ ಕಳೀಬಾರ್ದು. ತಾಯತ ಕಟ್ಟೋರು ಕಟ್ಕೊಳ್ಳಿ, ಆದ್ರೆ ಆಸ್ಪತ್ರೆ ಮೊದ್ಲು. ಹಿಂದಿನೋರಿಗೆ ಜೋರಾದದ್ದು ಕಣ್ಣಿಗೆ ಕಾಣ್ತಿತ್ತು, ಹೆಸರಿಟ್ರು. ಗೋಡೆ ಕಡೆ ತಿರುಗಿ ಮಲಗಿದೋಳು ಯಾರಿಗೂ ಕಾಣ್ಲಿಲ್ಲ.

ಈಗ ಕೂಸಿನ ಮಾತಿಗೆ ಬರ್ತೀನಿ. ಎಳೇ ಕೂಸಿಗೆ ದೂರದ್ದು ಕಾಣಲ್ಲ. ಗೇಣುದ್ದ ಗೇಣೂವರೆ ದೂರದ್ದು ಮಾತ್ರ ಸರಿಯಾಗಿ ಕಾಣೋದು. ಎದೆಗೆ ಹಾಕ್ಕೊಂಡಾಗ ಅವ್ವನ ಮಕ ಇರೋದು ಅಷ್ಟೇ ದೂರದಲ್ಲಿ. ಅವ್ವನ ದನಿ ಹೊಟ್ಟೆಲಿದ್ದಾಗಲೇ ಅದಕ್ಕೆ ಗೊತ್ತಾಗಿರ್ತದೆ. ಕೂಸು ಊಂ ಅಂತದೆ, ಅವ್ವ ಊಂ ಅಂತಾಳೆ. ಕೂಸು ನಗ್ತದೆ, ಅವ್ವ ನಗ್ತಾಳೆ. ಈ ಕೊಟ್ಟು ತಗೊಳ್ಳೋದ್ರಲ್ಲೇ ಕೂಸಿನ ಬುದ್ಧಿ ಬೆಳೆಯೋದು, ನಂಬಿಕೆ ಬೆಳೆಯೋದು. ಅಮೆರಿಕದ ಎಡ್ ಟ್ರಾನಿಕ್ ಅನ್ನೋರು 1970ರ ದಶಕದಲ್ಲಿ ಒಂದು ಪರೀಕ್ಷೆ ಮಾಡಿದ್ರು. ಕೂಸಿನ ಜೊತೆ ಆಡ್ತಾ ಇದ್ದ ಅವ್ವನಿಗೆ ಒಂದೆರಡು ನಿಮಿಷ ಮಕದಲ್ಲಿ ಏನೂ ತೋರಿಸ್ದೆ ಸುಮ್ನೆ ಇರು ಅಂದ್ರು. ಕೂಸು ಮೊದ್ಲು ನಗ್ತು, ಕೈ ಚಾಚ್ತು, ಕೂಗ್ತು. ಅವ್ವ ಅಲ್ಲಾಡ್ಲಿಲ್ಲ. ಆಮೇಲೆ ಕೂಸು ಮಕ ತಿರುಗಿಸ್ಕೊಂಡು ಅತ್ತುಬಿಡ್ತು.

ಇದನ್ನ ಓದಿದಾಗ ನನಗೆ ಆ ಕತ್ತಲೆ ಕೋಣೆ ನೆನಪಾಯ್ತು. ಖಿನ್ನತೆ ಇರೋ ತಾಯಿ ಬೇಕು ಅಂತ ಮಕ ಗಂಟು ಹಾಕ್ಕೊಂಡಿರಲ್ಲ. ಅವಳ ಮಕಕ್ಕೆ ನಗು ಬರೋ ಶಕ್ತಿಯೇ ಇರಲ್ಲ. ಕೂಸು ಎರಡು ಸಲ, ನಾಲ್ಕು ಸಲ ಕರೀತದೆ, ಆಮೇಲೆ ಸುಮ್ಮನಾಯ್ತದೆ. ಕೂಸು ಸುಮ್ಮನಾದದ್ದು ನೋಡಿ, "ಇದಕ್ಕೂ ನಾನು ಬೇಡ" ಅಂತ ತಾಯಿ ಇನ್ನೂ ಕುಗ್ತಾಳೆ. ಆ ಹೊತ್ತಿಗೆ ಸರಿಯಾಗಿ ನನ್ನಂಥೋಳು ಬಂದು ಕೂಸ ಎತ್ಕೊಂಡು ಹೋದ್ರೆ? ಇದ್ದ ಒಂದು ಎಳೆಯೂ ಕಿತ್ಕೊಂಡೋಯ್ತದೆ. ಅದೇ ಪರೀಕ್ಷೇಲಿ ಇನ್ನೊಂದು ಮಾತಿದೆ. ಅವ್ವ ಮತ್ತೆ ನಕ್ಕು ಮಾತಾಡಿಸಿದ್ರೆ ಕೂಸು, ಒಸಿ ಮುನಿಸ್ಕೊಂಡ್ರೂ, ಮತ್ತೆ ಅವಳ ಕಡೆ ತಿರುಗ್ತದೆ. ಕೂಸುಗಳು ಬಾಗಿಲು ಅಷ್ಟು ಬೇಗ ಮುಚ್ಚಲ್ಲ. ಮೂರು ತಿಂಗಳು ತಡವಾಯ್ತು ಅಂತ ಎಲ್ಲ ಮುಗೀತು ಅಂದ್ಕೊಳ್ಳೋದು ಬೇಡ.

ಅದಕ್ಕೇ ನಾನು ಹೇಳೋದು: ಬಾಣಂತಿ ಕೈಯಿಂದ ಕೆಲಸ ಕಿತ್ಕೊಳ್ಳಿ, ಕೂಸ ಕಿತ್ಕೋಬೇಡಿ. ನಾವು ಮಾಡೋದು ಉಲ್ಟಾ. ಮೂರನೇ ತಿಂಗಳಿಗೆ ಪಾತ್ರೆ, ಬಟ್ಟೆ, ಕೊಟ್ಟಿಗೆ ಅವಳಿಗೆ ವಾಪಸ್ ಕೊಡ್ತೀವಿ. ಕೂಸು ಮಾತ್ರ ಅಜ್ಜಿ ತೊಡೆ ಮೇಲೆ. ಬ್ಯಾರನ್ ಕಾಲದಲ್ಲಿ ಸೊಪ್ಪು ಕಟ್ಟೋಕೆ ಒಂದು ಕೈ ಕಮ್ಮಿ ಅಂತ ಬಾಣಂತಿನೂ ಕೂರಿಸ್ತೀವಿ. ಎಚ್.ಡಿ. ಕೋಟೆ, ಹುಣಸೂರು ಕಡೆ ಹಾಡಿ ಹೆಣ್ಣುಮಕ್ಕಳು ಕೊಡಗಿನ ತೋಟಕ್ಕೆ ಕೂಲಿಗೆ ಹೋಗ್ತಾರಲ್ಲ, ಕೂಲಿ ಬಿಟ್ರೆ ಒಲೆ ಉರಿಯಲ್ಲ ಅನ್ನೋ ತಾಯಿಗೆ ಕೂಸಿನ ಮಕ ನೋಡ್ಕೊಂಡು ಕೂರೋದೂ ಒಂದು ಸಿರಿವಂತಿಕೆಯೇ. ಅವರಿಗೆ ನನ್ನ ಉಪದೇಶ ಬೇಡ, ಕೈಗೆ ಒಸಿ ದುಡ್ಡು, ಹೊಟ್ಟೆಗೆ ಅನ್ನ ಬೇಕು. ಆದ್ರೆ ಹಟ್ಟಿ ತುಂಬ ಜನ ಇರೋ ನಾವು ಮಾಡೋಕೆ ಏನು ಕಷ್ಟ?

ರಾತ್ರಿ ಹೊತ್ತು ಹಾಲು ಕುಡಿಸಿದ ಮೇಲೆ ಕೂಸ ನೀವೇ ಇಟ್ಕೊಂಡು ಅವಳನ್ನ ನಾಲ್ಕೈದು ಗಂಟೆ ಒಂದೇ ಸಮ ಮಲಗೋಕೆ ಬಿಡಿ, ಅದು ಪುಣ್ಯದ ಕೆಲಸ. ನಿದ್ದೆಗೆಟ್ಟ ತಲೆಗೆ ಯಾವ ಮದ್ದೂ ಹತ್ತಲ್ಲ. ಆದ್ರೆ ಬೆಳಗಾದ ಮೇಲೆ ಕೂಸು ಅವಳ ಮಡಿಲಿಗೆ ವಾಪಸ್ ಬರ್ಬೇಕು. ಗಂಡನೂ ಎತ್ಕೋಬೇಕು, ಅವಳ ಪಕ್ಕ ಕೂತ್ಕೊಂಡು.

ದೊಡ್ಡ ಆಸ್ಪತ್ರೆಗಳೂ ಇದನ್ನೇ ಮಾಡೋದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ತಾಯಿ ಮಗುವಿಗೆ ಅಂತಲೇ ಐದು ಹಾಸಿಗೆಯ ವಿಭಾಗ ಶುರು ಮಾಡಿದ್ರು, ನಮ್ಮ ದೇಶದಲ್ಲೇ ಮೊದಲನೇದು. ಅಲ್ಲಿ ತಾಯಿ, ಕೂಸು, ಜೊತೆಗೆ ಮನೆಯ ಒಬ್ಬ ಹೆಂಗಸು ಒಟ್ಟಿಗೆ ಇರ್ತಾರೆ. ತಾಯಿಗೆ ಚಿಕಿತ್ಸೆ ನಡೀತಿರುವಾಗಲೇ ಕೂಸಿನ ಜೊತೆ ಬೆರೆಯೋದನ್ನ ಮೆಲ್ಲಗೆ ಕಲಿಸ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲೂ, ಚಿಕಿತ್ಸೆಗೆ ಸೇರಿದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನ ಸಾಮಾನ್ಯವಾಗಿ ಬೇರೆ ಮಾಡಬಾರದು ಅಂತ ಇದೆ. ಕೂಸಿಗೆ ಅಪಾಯ ಇದ್ರೆ ಮಾತ್ರ ಬೇರೆ ಇಡಬಹುದು, ಅದನ್ನೂ ಹದಿನೈದು ದಿನಕ್ಕೊಮ್ಮೆ ನೋಡ್ಬೇಕು. ಆಸ್ಪತ್ರೆಗೇ ಕಾನೂನು ಹಿಂಗೆ ಹೇಳ್ತದೆ. ಹಟ್ಟಿಲಿ ನಾವು ಯಾವ ಕಾನೂನೂ ಇಲ್ದೆ ಬೇರೆ ಮಾಡಿಬಿಡ್ತೀವಿ.

ಅವಳನ್ನ ಬೆಂಗಳೂರಿಗೆ ಕರ್ಕೊಂಡು ಹೋಗೋ ಹಂಗಾಗ್ಲಿಲ್ಲ. ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ ಒಂದಿದೆ, ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟ್ರು ಬರ್ತಾರೆ. ಆಶಾನೇ ಜೊತೆಗೆ ಬಂದ್ರು. ಮಾತ್ರೆ ಕೊಟ್ರು. "ಹಾಲು ನಿಲ್ಲಿಸ್ಬೇಕಾ?" ಅಂತ ನಾನು ಕೇಳ್ದೆ. ಹಾಲು ಕುಡಿಸ್ತಾನೇ ತಗೊಳ್ಳೋ ಮಾತ್ರೆ ಇದಾವೆ, ನೋಡಿ ಕೊಟ್ಟಿದೀವಿ, ನೀವಾಗೇ ನಿಲ್ಲಿಸ್ಬೇಡಿ ಅಂದ್ರು. ಆಮೇಲೆ ನನ್ನ ಕಡೆ ತಿರುಗಿ, ನಾಳೆಯಿಂದ ಕೂಸಿಗೆ ಎಣ್ಣೆ ಹಚ್ಚೋದು ಅವಳೇ, ನೀವು ಪಕ್ಕ ಕೂತು ಎಣ್ಣೆ ಬಟ್ಟಲು ಹಿಡ್ಕೊಳ್ಳಿ ಅಂದ್ರು.

ಮೊದಲ ದಿನ ಅವಳ ಕೈ ನಡುಗ್ತಿತ್ತು. ಕೂಸು ಅಳ್ತು. ನನ್ನ ಕೈ ಎತ್ಕೊಳ್ಳೋಕೆ ಮುಂದೆ ಹೋಯ್ತು, ಬಟ್ಟಲು ಗಟ್ಟಿ ಹಿಡ್ಕೊಂಡೆ. ನಾಲ್ಕೇ ನಿಮಿಷ. ಮಾರನೇ ದಿನ ಐದು. ಗೌರಿ ಹಬ್ಬ ಕಳೆದು ದಸರಾ ಹತ್ರ ಬಂದಾಗ ಒಂದು ಬೆಳಗ್ಗೆ ಒಳಗಿಂದ ಅವಳ ದನಿ ಕೇಳ್ತು, "ಏನವ್ವ, ಏನು ನಿಂದು ನ್ಯಾಯ?" ಅಂತ ಕೂಸನ್ನ ಕೇಳ್ತಿದ್ಳು. ಬಾಗಿಲಾಚೆ ನಿಂತು ಅತ್ತೆ ನಾನು. ಪ್ರೀತಿ ಹೆತ್ತ ತಕ್ಷಣ ಉಕ್ಕಿ ಬರ್ತದೆ ಅಂತ ನಾವೆಲ್ಲ ಹೇಳ್ಕೊಂಡು ಬಂದಿದೀವಿ. ಎಷ್ಟೋ ಜನಕ್ಕೆ ಅದು ಎಣ್ಣೆ ಹಚ್ತಾ ಹಚ್ತಾ, ನೀರು ಹುಯ್ತಾ ಹುಯ್ತಾ ಬರೋದು. ತಡವಾಗಿ ಬಂದದ್ದು ಕಮ್ಮಿ ಪ್ರೀತಿ ಏನಲ್ಲ.

ಆಗ ಇಲ್ಲದ ಒಂದು ಅನುಕೂಲ ಈಗ ಬಂದಿದೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಅಂತ ಫೋನ್ ಸೇವೆ ಇದೆ, ನಂಬರು 14416. ದುಡ್ಡು ಕೊಡಂಗಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ. "ನಾನಿಲ್ದಿದ್ರೇ ಕೂಸಿಗೆ ಒಳ್ಳೇದು" ಅನ್ನೋ ಮಾತು ಬಾಣಂತಿ ಬಾಯಲ್ಲಿ ಬಂದ್ರೆ ಅದನ್ನ ಮುನಿಸು ಅಂದ್ಕೋಬೇಡಿ. ಅವಳನ್ನ ಒಬ್ಬಳೇ ಬಿಡ್ಬೇಡಿ, ಫೋನು ನೀವೇ ಮಾಡಿ, ಆಸ್ಪತ್ರೆಗೆ ಕರ್ಕೊಂಡೋಗಿ.

ಆಸ್ಪತ್ರೇಲಿ ಹೆತ್ತವರ ಮನೆಗೆ ಆಶಾ 3, 7, 14, 21, 28, 42ನೇ ದಿನ ಅಂತ ಆರು ಸಲ ಬರ್ತಾರೆ. ಆ ಆರು ಸಲವೂ ಕೂಸಿನ ತೂಕದ ಜೊತೆ ತಾಯಿಯ ನಿದ್ದೆ, ಮನಸ್ಸು ಎರಡನ್ನೂ ಕೇಳಿ ಬರ್ಕೊಳ್ಳಂಗಾಗ್ಬೇಕು ಅನ್ನೋದು ನನ್ನ ಆಸೆ. ಅಲ್ಲೀವರೆಗೂ ನಾವೇ ಕೇಳೋಣ. ಅತ್ತೆ ಇಲ್ದಾಗ, ಗಂಡ ಇಲ್ದಾಗ, ಪಕ್ಕ ಕೂತು, "ನಿದ್ದೆ ಬತ್ತದಾ? ಮನ್ಸು ಹೆಂಗದೆ?" ಅಂತ. ಉತ್ತರ ಏನೇ ಬರ್ಲಿ, "ಹಂಗೆಲ್ಲ ಅನ್ಬಾರ್ದು" ಅಂತ ಬಾಯಿ ಮುಚ್ಚಿಸ್ಬಾರ್ದು.

ಆ ಹುಡುಗಿಗೆ ಈಗ ಏಳು ವರ್ಷ. ಮೊನ್ನೆ ಸ್ಕೂಲಿಂದ ಬರ್ತಾ ಎಡವಿ ಬಿದ್ದು ಮೊಣಕಾಲು ತರಚ್ಕೊಂಡ್ತು. ನಾನು ಜಗಲಿ ಮೇಲೆ ಕೂತಿದ್ದೆ, ಕೈ ಚಾಚ್ದೆ. ನನ್ನ ದಾಟ್ಕೊಂಡು "ಅವ್ವಾ" ಅಂತ ಕೂಗ್ತಾ ಒಳಗೆ ಓಡ್ತು. ಹೊಟ್ಟೆಗೆ ಒಸಿ ಚುರುಕ್ ಅನ್ಲಿಲ್ಲ ಅಂದ್ರೆ ಸುಳ್ಳಾಯ್ತದೆ. ಒಳಗಡೆ ಅವಳು ಬೈತಾ ಬೈತಾ ಗಾಯ ತೊಳೀತಿದ್ದದ್ದು ಕೇಳಿಸ್ತು. ನಾನು ಎದ್ದು ಅರಿಶಿನ ಹುಡುಕೋಕೆ ಹೋದೆ.