ಇರುಳಿನ ಎತ್ತರವನ್ನು ಕೇಳುವವರಿಲ್ಲ

ನೇಪಾಳ ಸರ್ಕಾರವು 2023ರ ಏಪ್ರಿಲ್‌ನಿಂದ ವಿದೇಶೀ ಚಾರಣಿಗರಿಗೆ ಮಾರ್ಗದರ್ಶಕನನ್ನು ಕಡ್ಡಾಯಗೊಳಿಸಿತಷ್ಟೆ. ನಮ್ಮ ಹಿಮಾಲಯ ರಾಜ್ಯಗಳೂ ಅದೇ ಹಾದಿಯನ್ನು ಹಿಡಿಯತಕ್ಕದ್ದೆಂದೂ, ಜತೆಗೆ ಪ್ರತಿಯೊಬ್ಬ ಚಾರಣಿಗನಿಂದ ವೈದ್ಯರ ಪ್ರಮಾಣಪತ್ರವನ್ನು ಪಡೆದುಕೊಂಡರೆ ಪರ್ವತದ ಮರಣಗಳು ತಾವಾಗಿಯೇ ಇಳಿಮುಖವಾಗುವುವೆಂದೂ ಅಂಕಣಕಾರ ಮಿತ್ರರೊಬ್ಬರು ಈಚೆಗೆ ಬಹು ವಿಶ್ವಾಸದಿಂದ ಬರೆದಿದ್ದಾರೆ. ಎರಡು ಸಲಹೆಗಳೂ ನಿರುಪದ್ರವಿಗಳು, ಎರಡೂ ಅಪ್ರಕೃತ. ನಡೆಯುವವನು ಯಾರು, ನಡೆಸುವವನು ಯಾರು ಎಂದು ಇಷ್ಟೊಂದು ವಿಚಾರಿಸುವ ಈ ವಾದದಲ್ಲಿ, ಆತನು ಇಂದಿನ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತಾನೆ, ನಿನ್ನೆ ಎಷ್ಟು ಎತ್ತರದಲ್ಲಿ ಮಲಗಿದ್ದನು ಎಂಬ ಪ್ರಶ್ನೆಗೆ ಎಡೆಯೇ ಇಲ್ಲ.

3,000 ಮೀಟರ್ ದಾಟಿದ ಬಳಿಕ ಒಂದು ಇರುಳಿಗೂ ಮರು ಇರುಳಿಗೂ ನಡುವೆ ಶಯನಸ್ಥಾನವು 500 ಮೀಟರಿಗಿಂತ ಹೆಚ್ಚು ಏರಕೂಡದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲತಕ್ಕದ್ದು ಎಂಬ ವೈಲ್ಡರ್‌ನೆಸ್ ಮೆಡಿಕಲ್ ಸೊಸೈಟಿಯ ಸೂತ್ರವು ಗುಟ್ಟಾಗಿಯೇನೂ ಉಳಿದಿಲ್ಲ. ಹಗಲು ಎಷ್ಟು ಎತ್ತರವನ್ನು ಮುಟ್ಟಿ ಬಂದರೂ ಅದು ಅಷ್ಟಾಗಿ ಆಕ್ಷೇಪಿಸದು. ಅದರ ಲೆಕ್ಕವೆಲ್ಲ ರಾತ್ರಿಯದು. ಎವರೆಸ್ಟ್ ಬೇಸ್ ಕ್ಯಾಂಪಿನ ರೂಢಿಯ ದಿನಚರಿಯನ್ನು ಈ ಲೆಕ್ಕಕ್ಕೆ ಹಿಡಿದು ನೋಡಿ: ಫಾಕ್‌ಡಿಂಗ್ 2,610, ನಾಮ್ಚೆ 3,440, ತೆಂಗ್‌ಬೋಚೆ 3,867, ದಿಂಗ್‌ಬೋಚೆ 4,410, ಲೋಬುಚೆ 4,940. ನಾಮ್ಚೆಗೆ ಏರುವಾಗ ಒಂದೇ ನೆಗೆತಕ್ಕೆ 830 ಮೀಟರ್, ದಿಂಗ್‌ಬೋಚೆಗೆ 543, ಲೋಬುಚೆಗೆ 530. ನಾಮ್ಚೆಯಲ್ಲಿಯೂ ದಿಂಗ್‌ಬೋಚೆಯಲ್ಲಿಯೂ ಎರಡೆರಡು ರಾತ್ರಿ ತಂಗುವ ಪದ್ಧತಿ ಇರುವುದು ಈ ಸಾಲವನ್ನು ತೀರಿಸುವುದಕ್ಕಾಗಿಯೇ ಹೊರತು ಅಂಗಡಿಬೀದಿಯನ್ನು ನೋಡುವುದಕ್ಕಾಗಿ ಅಲ್ಲ. ಆದರೆ ‘ವಿಶ್ರಾಂತಿಯ ದಿನ’ವೆಂಬ ನಿರುಪಯುಕ್ತವಾದ ಹೆಸರು ಅದಕ್ಕೆ ಅಂಟಿಕೊಂಡುಬಿಟ್ಟಿರುವುದರಿಂದ, ರಜೆ ಸಾಲದವನ ಕತ್ತರಿಗೆ ಮೊದಲು ಸಿಕ್ಕುವುದೂ ಅದೇ. ದಿಂಗ್‌ಬೋಚೆಯ ಪಕ್ಕದ ಫೆರಿಚೆಯಲ್ಲಿ ಚಾರಣಿಗರನ್ನು ಪರೀಕ್ಷಿಸಿ 1976ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯು ಪ್ರಕಟಿಸಿದ ಅಧ್ಯಯನದಲ್ಲಿ 278 ಮಂದಿಯ ಪೈಕಿ ಶೇ 53ರಷ್ಟು ಜನರಲ್ಲಿ ಎತ್ತರದ ವ್ಯಾಧಿಯ ಲಕ್ಷಣಗಳು ಕಂಡವು. ಲುಕ್ಲಾಕ್ಕೆ ವಿಮಾನದಲ್ಲಿ ಬಂದಿಳಿದವರಲ್ಲಿ, ಕೆಳಗಿನಿಂದ ನಡೆದು ಬಂದವರಿಗಿಂತ ಹೆಚ್ಚಾಗಿ ಕಂಡವು.

ದೇಹದಾರ್ಢ್ಯವೇ ರಕ್ಷಾಕವಚವೆಂದು ನಂಬಿದವರು ಪರದೇಶದ ಚಾರಣಿಗರನ್ನು ಬಿಟ್ಟು ನಮ್ಮ ಸೈನ್ಯದ ಇತಿಹಾಸವನ್ನಾದರೂ ಒಮ್ಮೆ ತೆರೆದು ನೋಡಬಹುದಾಗಿತ್ತು. 1962ರ ಚೀನಾ ಯುದ್ಧದ ಕಾಲದಲ್ಲಿ ಬಯಲುಸೀಮೆಯ ಪಡೆಗಳನ್ನು ಅವಸರವಾಗಿ ಹಿಮಾಲಯದ ನೆತ್ತಿಗೆ ಏರಿಸಿದಾಗ, ಶತ್ರುವಿನ ಗುಂಡು ತಾಗುವುದಕ್ಕೆ ಮುಂಚೆಯೇ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ಕುಸಿದವರು, ವೈದ್ಯರ ಪರೀಕ್ಷೆಯಲ್ಲಿ ಸರ್ವಾಂಗಸಮರ್ಥರೆಂದು ತೇರ್ಗಡೆಯಾಗಿದ್ದವರು. ಇಂದರ್ ಸಿಂಗ್ ಮತ್ತು ಅವರ ಸಹವೈದ್ಯರು 1,925 ಸೈನಿಕರ ವ್ಯಾಧಿವೃತ್ತಾಂತವನ್ನು ಸಂಗ್ರಹಿಸಿ 1969ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟಿಸಿದರು, ಜಗತ್ತಿನ ವೈದ್ಯರು ಇಂದಿಗೂ ಉದ್ಧರಿಸುವ ಆ ಲೇಖನವನ್ನು ನಮ್ಮ ಚಾರಣನೀತಿಯ ಚರ್ಚೆಯಲ್ಲಿ ಸ್ಮರಿಸುವವರನ್ನು ನಾನು ಕಂಡದ್ದಿಲ್ಲ. ಸೈನ್ಯವು ಮಾತ್ರ ಪಾಠವನ್ನು ಕಲಿತಿತು. 2,700ರಿಂದ 3,600 ಮೀಟರಿನವರೆಗೆ ಆರು ದಿನ, ಅಲ್ಲಿಂದ 4,500ರವರೆಗೆ ನಾಲ್ಕು ದಿನ, ಅದರ ಮೇಲೆ ಮತ್ತೆ ನಾಲ್ಕು ದಿನ, ಒಟ್ಟು 14 ದಿನ ಯೋಧನು ಎತ್ತರಕ್ಕೆ ಒಗ್ಗಿಕೊಂಡಲ್ಲದೆ ಕರ್ತವ್ಯಕ್ಕೆ ನಿಲ್ಲುವಂತಿಲ್ಲ; ಮೊದಲ ಎರಡು ದಿನವಂತೂ ಸಣ್ಣ ಅಡ್ಡಾಟಕ್ಕಿಂತ ಹೆಚ್ಚಿನ ಶ್ರಮಕ್ಕೆ ಅನುಮತಿಯಿಲ್ಲ. ಪ್ರತಿನಿತ್ಯ ಕವಾಯತು ಮಾಡುವ ಇಪ್ಪತ್ತೆರಡರ ತರುಣನಿಗೆ ಹದಿನಾಲ್ಕು ದಿನ ವಿಧಿಸುವ ದೇಶದಲ್ಲಿ, ವರ್ಷವೆಲ್ಲ ಕಚೇರಿಯ ಕುರ್ಚಿಯಲ್ಲಿ ಕುಳಿತ ನಲವತ್ತರ ಗೃಹಸ್ಥನು ಬೆಳಗ್ಗೆ ಬೆಂಗಳೂರಿನ 920 ಮೀಟರಿನಿಂದ ಹೊರಟು ಮಧ್ಯಾಹ್ನಕ್ಕೆ ಲೇಹ್‌ನ 3,500 ಮೀಟರಿನಲ್ಲಿ ಇಳಿದು, ಮೂರನೆಯ ದಿನಕ್ಕೇ ಕಣಿವೆಯ ದಾರಿಯನ್ನು ಹಿಡಿಯುವ ಯೋಜನೆಗೆ ‘ಸುಲಭ’ವೆಂಬ ಹಣೆಪಟ್ಟಿ ಅಂಟಿಸಿ ಮಾರುತ್ತಾರೆ!

ನಮ್ಮವರಿಗೆ ಇಲ್ಲಿ ಇನ್ನೊಂದು ಭ್ರಾಂತಿಯೂ ಉಂಟು. ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿದವನು ತಾನು ಹಿಮಾಲಯಕ್ಕೆ ಸಿದ್ಧನಾದೆನೆಂದು ತಿಳಿಯುತ್ತಾನೆ. ಕಾಲು ಸಿದ್ಧವಾಯಿತೆಂಬುದು ನಿಜ. ಆದರೆ ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ 1,930 ಮೀಟರು, ಎತ್ತರದ ವ್ಯಾಧಿಯು ಸಾಮಾನ್ಯವಾಗಿ ತಲೆದೋರುವುದು 2,500ರ ಮೇಲೆ. ಆದುದರಿಂದ ಕರ್ನಾಟಕದ ಸಹ್ಯಾದ್ರಿಯನ್ನೆಲ್ಲ ಸುತ್ತಿ ಬಂದರೂ ರಕ್ತಕ್ಕೆ ಆ ಅಭ್ಯಾಸ ಲಭಿಸಲಾರದು. ಗಟ್ಟಿ ಕಾಲಿನವನಿಗೆ ಅಪಾಯ ಒಂದು ತೂಕ ಹೆಚ್ಚೇ ಎನ್ನಬೇಕು: ಅವನು ಬೇಗ ಏರುತ್ತಾನೆ, ತಲೆನೋವನ್ನು ಸಂಗಡಿಗರಿಗೆ ಹೇಳಲು ನಾಚುತ್ತಾನೆ.

2024ರ ಜೂನ್‌ನಲ್ಲಿ ಉತ್ತರಕಾಶಿಯ ಸಹಸ್ರತಾಲ್ ಹಾದಿಯಲ್ಲಿ ಕರ್ನಾಟಕದಿಂದ ಹೋದ ತಂಡದ ಒಂಬತ್ತು ಮಂದಿ ಅಸುನೀಗಿದ ದುರಂತವನ್ನು ಈ ಚರ್ಚೆಯಲ್ಲಿ ಎಲ್ಲರೂ ಎತ್ತುತ್ತಾರೆ. ಅಲ್ಲಿ ಎರಗಿದ್ದು ಹಿಮಬಿರುಗಾಳಿ. ಅದನ್ನು ತೆಳುಗಾಳಿಯ ಸಾವುಗಳೊಡನೆ ಬೆರಸಿ ಮಾತನಾಡುವುದು ವಿವೇಕವಲ್ಲ. ಎರಡಕ್ಕೂ ಸಮಾನವಾದ ಒಂದಂಶವನ್ನು ಬೇಕಾದರೆ ಹೇಳಬಹುದು: ಹೆಚ್ಚಿನ ಒಂದು ದಿನವನ್ನು ಕೈಯಲ್ಲಿಟ್ಟುಕೊಂಡು ಹೊರಟ ತಂಡಕ್ಕೆ ಮೋಡವನ್ನು ಕಂಡು ಡೇರೆಯಲ್ಲಿಯೇ ಉಳಿಯುವ ಸ್ವಾತಂತ್ರ್ಯವಿರುತ್ತದೆ, ಹಿಂದಿರುಗುವ ರೈಲಿನ ಚೀಟಿಗೆ ಕಟ್ಟುಬಿದ್ದ ತಂಡಕ್ಕೆ ಇರುವುದಿಲ್ಲ.

ಇರುಳಿನ ಎತ್ತರದ ಈ ಲೆಕ್ಕವನ್ನು ಆಳುವವರೂ ಮರೆತದ್ದುಂಟು. ಉತ್ತರಾಖಂಡದ ಹೈಕೋರ್ಟು 2018ರಲ್ಲಿ ಬುಗ್ಯಾಲ್‌ಗಳೆಂಬ ಎತ್ತರದ ಹುಲ್ಲುಗಾವಲುಗಳ ಮೇಲೆ ರಾತ್ರಿ ತಂಗುವುದನ್ನು ನಿಷೇಧಿಸಿತು. ಹುಲ್ಲುಗಾವಲನ್ನು ಉಳಿಸಬೇಕೆಂಬ ಉದ್ದೇಶದಲ್ಲಿ ದೋಷವಿಲ್ಲ. ಆದರೆ ರೂಪಕುಂಡದ ದಾರಿಯಲ್ಲಿ 2,300 ಮೀಟರಿನ ಸನಿಹದ ಲೋಹಾಜಂಗಿಗೂ ಮೇಲಿನ ಬಂಡೆಸೀಮೆಗೂ ನಡುವೆ ಶರೀರವು ಒಗ್ಗಿಕೊಳ್ಳುವುದಕ್ಕೆ ತಕ್ಕ ಮಜಲುಗಳು ಆ ಆಲಿ, ಬೇದಿನಿ ಬುಗ್ಯಾಲ್‌ಗಳೇ ಆಗಿದ್ದುವು. ಅವನ್ನು ತೆಗೆದ ಮೇಲೆ ಚಾರಣಿಗನು ಎಲ್ಲಿ ಮಲಗಬೇಕೆಂಬ ಪ್ರಶ್ನೆಯನ್ನು ಸಾರ್ವಜನಿಕವಾಗಿ ಚರ್ಚಿಸಿದವರು ವಿರಳ. ಅನುಮತಿಪತ್ರದ ನಮೂನೆಯಲ್ಲಿ ವೈದ್ಯರ ಸಹಿಗೆ ಜಾಗ ಬಿಡಲಿರುವ ಇಲಾಖೆಗಳು, ಅದರ ಕೆಳಗೆ ಪ್ರತಿ ರಾತ್ರಿಯ ತಂಗುದಾಣದ ಎತ್ತರವನ್ನೂ ಅದರ ಹಿಂದಿನ ರಾತ್ರಿಯ ಎತ್ತರವನ್ನೂ ತುಂಬುವುದಕ್ಕೆ ಎರಡು ಕಾಲಮುಗಳನ್ನು ಬಿಡಲಿ. ವ್ಯತ್ಯಾಸ 500 ಮೀರಿದಲ್ಲಿ ಹೆಚ್ಚಿನ ರಾತ್ರಿ ಎಲ್ಲಿ ಎಂದು ಕೇಳುವ ಕೆಲಸವನ್ನು ಮೇಜಿನ ಆಚೆ ಕುಳಿತ ಗುಮಾಸ್ತನೇ ಮಾಡಬಲ್ಲನು; ಕೂಡಿ ಕಳೆಯುವ ಆ ಲೆಕ್ಕಕ್ಕೆ ವೈದ್ಯನೂ ಬೇಕಿಲ್ಲ, ಮಾರ್ಗದರ್ಶಕನೂ ಬೇಕಿಲ್ಲ.