ಭದ್ರತಾ ಅನುಮತಿ ಮತ್ತು ಮೈಸೂರಿನ ನಂಟು

ಅಮೆರಿಕದಲ್ಲಿ ನೆಲೆಸಿದ ಮೈಸೂರು ಮೂಲದ ಕುಟುಂಬಗಳ ಮಕ್ಕಳು ರಕ್ಷಣಾ ಗುತ್ತಿಗೆಯ ಕಂಪನಿಗಳಿಗೆ ಸೇರುವಾಗ ಭದ್ರತಾ ಅನುಮತಿ, ಅಂದರೆ ಸರ್ಕಾರದ ಗೋಪ್ಯ ಮಾಹಿತಿಯನ್ನು ಬಳಸುವ ಅರ್ಹತೆ, ಅನೇಕ ಹುದ್ದೆಗಳಿಗೆ ಕಡ್ಡಾಯವಾಗಿರುತ್ತದೆ. ಈ ಅನುಮತಿಯನ್ನು ನಿರ್ಧರಿಸಲು 2017ರ ಜೂನ್‌ನಲ್ಲಿ ಜಾರಿಗೆ ಬಂದ 13 ಮಾನದಂಡಗಳ ಪೈಕಿ ವಿದೇಶಿ ಪ್ರಭಾವ ಹಾಗೂ ಮಾದಕವಸ್ತು ಬಳಕೆ ಎಂಬ ಎರಡು ಈ ಮನೆಗಳನ್ನು ಹೆಚ್ಚಾಗಿ ಕಾಡುತ್ತವೆ.

ವಿದೇಶಿ ಪ್ರಭಾವವೆಂಬುದು ಆರೋಪವಲ್ಲ. ಹೊರದೇಶದ ಆಪ್ತರ ಮೂಲಕ ಅಭ್ಯರ್ಥಿಯ ಮೇಲೆ ಒತ್ತಡ ತರಲು ಸಾಧ್ಯವೇ ಎಂಬ ಪರಿಶೀಲನೆ. ಆದ್ದರಿಂದ ಕುವೆಂಪುನಗರದ ತಂದೆತಾಯಿಯ ವಿಳಾಸವಾಗಲಿ, ಮೈಸೂರಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯದಲ್ಲೋ ರತ್ನಹಳ್ಳಿಯ ಅಣುಶಕ್ತಿ ಘಟಕದಲ್ಲೋ ಅಣ್ಣನಿಗಿರುವ ನೌಕರಿಯಾಗಲಿ, ತಂದೆ ಎಂದೋ ಮಗಳ ಹೆಸರಿಗೆ ನೋಂದಣಿ ಮಾಡಿಸಿಟ್ಟ ನಿವೇಶನವಾಗಲಿ ಅರ್ಜಿಯಲ್ಲಿ ಬಿಟ್ಟುಹೋಗಬಾರದು. ಗಾಂಜಾದ ವಿಷಯವೂ ಹೀಗೆಯೇ: ಹಲವು ರಾಜ್ಯಗಳು ಅದನ್ನು ಮುಕ್ತಗೊಳಿಸಿದ್ದರೂ ಮೋಜಿಗಾಗಿ ಸೇದುವುದು ಒಕ್ಕೂಟ ಸರ್ಕಾರದ ಕಾನೂನಿನಲ್ಲಿ ಇಂದಿಗೂ ನಿಷಿದ್ಧವಾಗಿರುವುದರಿಂದ, ರಾಜ್ಯದ ಕಾನೂನು ಇಲ್ಲಿ ರಕ್ಷಣೆಗೆ ಬರುವುದಿಲ್ಲ.

ಅನುಮತಿ ನಿರಾಕರಿಸುವ ಮುನ್ನ ಸರ್ಕಾರ ಲಿಖಿತ ಕಾರಣಪಟ್ಟಿ ಕಳಿಸುತ್ತದೆ. ಗುತ್ತಿಗೆ ಕಂಪನಿಯ ನೌಕರರು 20 ದಿನಗಳೊಳಗೆ ಪ್ರತಿಯೊಂದು ಅಂಶಕ್ಕೂ ಉತ್ತರಿಸಿ, ಆಡಳಿತ ನ್ಯಾಯಾಧೀಶರ ಮುಂದೆ ವಿಚಾರಣೆ ಕೋರಬಹುದು. ತೀರ್ಪು ವಿರುದ್ಧವಾದರೆ 15 ದಿನಗಳಲ್ಲಿ ಮೇಲ್ಮನವಿ ಮಂಡಳಿಗೆ ಹೋಗಲು ಅವಕಾಶವಿದೆಯಾದರೂ, ಆ ಮಂಡಳಿ ಹೊಸ ಸಾಕ್ಷ್ಯವನ್ನು ಸ್ವೀಕರಿಸುವುದಿಲ್ಲ ಎಂಬ ಮುಖ್ಯ ಸಂಗತಿ ಬಹಳ ಮಂದಿಗೆ ತಡವಾಗಿ ತಿಳಿಯುತ್ತದೆ. ಚಟ ಬಿಟ್ಟದ್ದಕ್ಕೆ ಪರೀಕ್ಷಾ ವರದಿ, ಆಪ್ತಸಮಾಲೋಚಕರ ಅಭಿಪ್ರಾಯ, ಮುಂದೆ ಮುಟ್ಟುವುದಿಲ್ಲವೆಂಬ ಸಹಿಮಾಡಿದ ಮುಚ್ಚಳಿಕೆ, ಅಮೆರಿಕದಲ್ಲಿ ಬೇರೂರಿದ ಬದುಕಿನ ದಾಖಲೆ ಎಲ್ಲವೂ ನ್ಯಾಯಾಧೀಶರ ಮುಂದೆಯೇ ಸಲ್ಲಿಕೆಯಾಗಿರಬೇಕು. ಅಲ್ಲಿಂದಾಚೆ ನ್ಯಾಯಾಲಯದ ಮೇಲೆ ಹೆಚ್ಚು ಭರವಸೆ ಇಡುವಂತಿಲ್ಲ. ಇಂಥ ಅನುಮತಿ ಯಾರ ಹಕ್ಕೂ ಅಲ್ಲವೆಂದು 1988ರ ಈಗನ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದೆ.

ಹಳೆಯ ಮಾದಕವಸ್ತು ಬಳಕೆಗಿಂತ ಅದನ್ನು ಮುಚ್ಚಿಟ್ಟದ್ದೇ ಹೆಚ್ಚು ಹಾನಿ ಮಾಡುತ್ತದೆ, ಏಕೆಂದರೆ ಸುಳ್ಳು ಉತ್ತರ ವೈಯಕ್ತಿಕ ನಡತೆಯೆಂಬ ಮತ್ತೊಂದು ಮಾನದಂಡದಡಿ ಬೇರೆಯೇ ದೋಷವಾಗುತ್ತದೆ. ಭಾರತದಲ್ಲಿಯೂ ಪರಿಶೀಲನಾ ನಮೂನೆಯಲ್ಲಿ ಕೊಡುವ ಮಾಹಿತಿ ಸತ್ಯವಾಗಿರಬೇಕೆಂದು 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಹೀಗಿದ್ದೂ ಕನ್ನಡದ ಮನೆಗಳಲ್ಲಿ ಮಾನಕ್ಕೆ ಅಂಜಿ "ಯಾರಿಗೂ ಹೇಳಬೇಡ" ಎಂದು ಹಿರಿಯರು ಕೊಡುವ ಬುದ್ಧಿಮಾತು, ಪ್ರೀತಿಯಿಂದಲೇ ಬಂದದ್ದಾದರೂ, ಮಕ್ಕಳ ಉದ್ಯೋಗಕ್ಕೆ ಕುತ್ತು ತರುತ್ತದೆ. ಕನ್ನಡ ಕೂಟಗಳು ಯುಗಾದಿ, ರಾಜ್ಯೋತ್ಸವಗಳ ನಡುವೆ ಒಂದು ಮಧ್ಯಾಹ್ನವನ್ನು ಈ ವಿಷಯ ಬಲ್ಲ ವಕೀಲರೊಂದಿಗಿನ ಮಾತುಕತೆಗೆ ಮೀಸಲಿಟ್ಟು, ಅದಕ್ಕೆ ಮೈಸೂರಿನಿಂದ ಬಂದಿರುವ ತಂದೆತಾಯಿಯರನ್ನೂ ಕರೆಯಬೇಕು.